ಮೂರು ಗೀರಿನ ಕೊಂಬು

ಜೂನ್ 4

ಟಗರುಗಳ ಯಜಮಾನರಿಗೆ,

ನಿಮ್ಮ ಉಣ್ಣೆ ಮೂಟೆ ನಾಲ್ಕೂ ಹೋದ ವಾರ ನಮ್ಮ ಗಿರಣಿಗೆ ಬಂದವು. ಬಿಚ್ಚಿ ನೋಡಿ ತಲೆ ಕೆಟ್ಟುಹೋಯ್ತು. ಕರಿ, ಬಿಳಿ ಎಲ್ಲ ಒಟ್ಟಿಗೆ ತುರುಕಿದ್ದೀರಲ್ರೀ! ನಮ್ಮದು ಮಚ್ಚೆ ಕುರಿ, ಕರಿ ಬೇರೆ ಬಿಳಿ ಬೇರೆ ಮಾಡಿ ಕಟ್ಟಬೇಕು ಅಂತ ನನಗೆ ಕಲಿಸಿದ್ದೇ ನೀವು. ಮದುವೆಯಾದ ಹೊಸದರಲ್ಲಿ ಬಿಳಿ ಮೂಟೆಗೆ ಒಂದು ಹಿಡಿ ಕರಿ ಸೇರಿತು ಅಂತ ಊಟ ಬಿಟ್ಟು ಎದ್ದುಹೋದ ಮಹಾನುಭಾವರು ನೀವು! ಅರವತ್ತು ಹತ್ತಿರ ಬಂದಾಗ ಸೋಮಾರಿತನವೂ ಜೊತೆಗೆ ಬಂತಾ? ವಿಂಗಡಿಸೋ ಮೇಜಿನ ಮುಂದೆ ಎರಡು ದಿನ ನಿಂತು ಬೇರೆ ಮಾಡಿದ್ದೀನಿ. ಪಕ್ಕದ ಮೇಜಿನವಳು ‘ಯಾವ ಬೆಪ್ಪ ಕಳಿಸಿದ್ದು ಇದನ್ನ?’ ಅಂದಳು. ನನ್ನ ಗಂಡ ಅಂತ ಹೇಳಲಿಲ್ಲ.

ನೆನಪಿರಲಿ, ಈ ವರ್ಷ ಟಗರು ಕಳಿಸೋ ಸರದಿ ನಿಮ್ಮದು. ಹೋದ ವರ್ಷ ನನ್ನದು ನಿಮ್ಮಲ್ಲಿಗೆ ಬಂದಿತ್ತು. ಈ ನಾಲ್ಕು ಕೊಂಬಿನ ತಳಿಯಲ್ಲಿ ಹೆಣ್ಣು ಅಂತ ಉಳಿದಿರೋದು ನಿಮ್ಮ ಗುಡ್ಡದ ಮೇಲಿನ ಹದಿನಾಲ್ಕು, ನನ್ನ ಗಿರಣಿ ಹಿತ್ತಲಿನ ಹನ್ನೊಂದು, ಅಷ್ಟೇ. ಇಲ್ಲಿರೋ ಗಂಡುಗಳೆಲ್ಲ ಇಲ್ಲಿನವುಗಳಿಗೇ ಹುಟ್ಟಿದವು, ಅಣ್ಣ ತಮ್ಮಂದಿರು. ಅಕ್ಟೋಬರ್ ಮೊದಲ ವಾರ ನಿಮ್ಮ ಟಗರು ಬರಲೇಬೇಕು. ನನ್ನ ಮುದಿ ಕುರಿಗಳು ಇನ್ನೊಂದು ವರ್ಷ ಕಾಯೋದಿಲ್ಲ.

ಹೊಸ ಮರಿಗಳ ಮಚ್ಚೆ ಹೇಗಿವೆ? ಯಾವುದಕ್ಕಾದರೂ ಅದರಮ್ಮನ ಹಾಗೆ ಕಣ್ಣ ಸುತ್ತ ಕರಿ ಬಂದಿದೆಯಾ? ಬಿಡಿಸಿ ಬರೆಯಿರಿ. ಅಂದಹಾಗೆ ನಿಮ್ಮ ಆ ಅಂಚೆಯವನು, ಅದೇ ರೇಡಿಯೋ, ಇನ್ನೂ ಇದ್ದಾನಾ? ಕಂಡವರ ಕಾಗದ ಮೂಸಿ ನೋಡಿ ಊರಿಗೆಲ್ಲ ಸುದ್ದಿ ಹಂಚೋ ಚಾಳಿ ಬಿಟ್ಟನಾ, ಬಾಯಿಬಡುಕ?

ಒಪ್ಪಂದದ ಪ್ರಕಾರ ಕುರಿ ವಿಷಯ ಬಿಟ್ಟು ಬೇರೇನೂ ಬರೆದಿಲ್ಲ.

ಗಿರಣಿಯವಳು


ಜೂನ್ 29

ಹನ್ನೊಂದು ಕುರಿಗಳ ಒಡತಿಗೆ,

ಕಾಗದ ಸೇರಿತು. ಉಣ್ಣೆ ಕತ್ತರಿಸೋನು ಈ ಸಲ ಅವಸರದಲ್ಲಿದ್ದ. ತಪ್ಪು ನನ್ನದೇ. ನಿನಗೆ ಎರಡು ದಿನ ಹಾಳಾಯ್ತು, ಬೇಜಾರಾಯ್ತು.

ಮರಿ ಒಂಬತ್ತು. ಎಲ್ಲ ಗಟ್ಟಿ. ಒಂದು ಹೆಣ್ಣುಮರಿಗೆ ಹುಟ್ಟಿದ ವಾರದಲ್ಲೇ ನಾಲ್ಕೂ ಕೊಂಬಿನ ಮೊಳಕೆ ಬೆರಳಿಗೆ ಸಿಕ್ಕಿತು, ಒಂದೊಂದು ಕಡಲೆಕಾಳಿನಷ್ಟು. ಇನ್ನೊಂದರ ಉಣ್ಣೆ ಎಷ್ಟು ಮೆತ್ತಗಿದೆ ಅಂದರೆ ಕೈ ತೆಗೆಯೋಕೆ ಮನಸ್ಸಾಗಲ್ಲ. ಒಂದು ಗಂಡಿನ ಕೂಗು ಥೇಟ್ ನಮ್ಮ ಹಳೇ ಟಗರು ದೊರೆಯದು. ಮೊದಲ ಸಲ ಕೇಳಿದಾಗ ಕೈಲಿದ್ದ ಬಕೆಟ್ ಕೆಳಗಿಟ್ಟೆ.

ಟಗರಿನ ವಿಷಯ ನೆನಪಿದೆ. ದಿವಾನ ಅಂತ ಕರೀತೀನಿ ಅವನನ್ನ, ಮೂರನೇ ವರ್ಷ. ಆ ಹೊತ್ತಿಗೆ ತಯಾರಾಗ್ತಾನೆ.

ರೇಡಿಯೋ ಇದ್ದಾನೆ. ಕಾಗದ ಇದ್ದರೂ ಬರ್ತಾನೆ, ಇಲ್ಲದಿದ್ದರೂ ಬರ್ತಾನೆ. ಅವನ ಬಗ್ಗೆ ಅಷ್ಟು ಖಾರವಾಗಿ ಬರೀಬೇಡ, ಪಾಪ.

ಗಿರಣಿಯ ಉತ್ತರದ ಕಿಟಕಿ ರಿಪೇರಿ ಮಾಡಿಸಿದರಾ? ಅದರ ಕೆಳಗೆ ನಿಂತರೆ ನಿನಗೆ ಕತ್ತು ಹಿಡ್ಕೊಳ್ಳುತ್ತೆ. ಇದು ಕುರಿ ವಿಷಯ ಅಲ್ಲ. ಆದರೂ ಕೇಳಿದೆ.

ಗುಡ್ಡದವನು


ಜುಲೈ 20

ಗುಡ್ಡದವರಿಗೆ,

ನಿಮ್ಮ ಅಕ್ಷರಕ್ಕೆ ಏನಾಗಿದೆ? ಕುಂಬಳಕಾಯಿ ಗಾತ್ರ ಒಂದೊಂದೂ! ಸಾಲುಗಳೋ, ಮೇವು ಕಂಡ ಕುರಿಗಳ ಹಾಗೆ ಗುಡ್ಡ ಹತ್ತುತ್ತಿವೆ. ಮೂರನೇ ಸಾಲು ನಾಲ್ಕನೆಯದರ ಮೇಲೇ ಕೂತಿದೆ. ಕನ್ನಡಕ ಒಡೆದಿದ್ದರೆ ಹೊಸದು ಮಾಡಿಸಿ, ಜಿಪುಣತನ ಬೇಡ. ಮಚ್ಚೆ ಕೇಳಿದೆ, ಕೊಂಬು ಹೇಳಿದಿರಿ. ಕೇಳಿದ್ದಕ್ಕೆ ಉತ್ತರ ಕೊಡೋ ಅಭ್ಯಾಸ ಮೊದಲಿಂದಲೂ ಇಲ್ಲ ಬಿಡಿ.

ನನ್ನ ಮುದಿ ಕುರಿ ಅಜ್ಜಿಯ ಎಡಗೊಂಬಿಂದ ತಲೆಬಿಸಿ ಆಗಿದೆ. ಕೆಳಗಿನ ಕೊಂಬು ಬಳಸಿಕೊಂಡು ಬಂದು ತುದಿ ಕೆನ್ನೆಗೆ ಒಂದು ಬೆರಳು ದೂರದಲ್ಲಿದೆ. ಕತ್ತರಿಸಬೇಕು, ಗೊತ್ತು. ಆದರೆ ಗೀರುಗಳಿರೋದು ಆ ತುದಿಯಲ್ಲೇ. ಅವಳು ಮರಿಯಾಗಿದ್ದಾಗ ನೀವು ಅರದಿಂದ ಹಾಕಿದ ಮೂರು ಗೀರು, ಕೊಂಬು ಬೆಳೆದ ಹಾಗೆಲ್ಲ ಮುಂದೆ ಮುಂದೆ ಹೋಗಿ ತುದಿಗೆ ಬಂದು ಕೂತಿವೆ. ಈಗ ನಿಮ್ಮ ಮರಿಗಳಿಗೆ ಒಂದು ಗೀರು, ನನ್ನವಕ್ಕೆ ಎರಡು. ಹಿಂಡು ಒಂದೇ ಇದ್ದಾಗಿನ ಮೂರು ಗೀರಿನದು ಅಂತ ನನ್ನ ಹತ್ತಿರ ಉಳಿದಿರೋದು ಅಜ್ಜಿ ಒಬ್ಬಳೇ. ಗರಗಸ ಹಿಡ್ಕೊಂಡು ಹೋಗ್ತೀನಿ, ವಾಪಸ್ ಬರ್ತೀನಿ.

ಟಗರು ಕಳಿಸೋ ಮುಂಚೆ ರೆಪ್ಪೆ ನೋಡಿ. ಎರಡು ಸಲ ನೋಡಿ. ಮೇಲಿನ ರೆಪ್ಪೆಯಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ನನಗೆ ಬೇಡ. ನಾಲ್ಕು ಕೊಂಬಿನ ಜೊತೆಗೇ ಬರೋ ಪೀಡೆ ಅದು, ಒಂದು ಟಗರಿನಿಂದ ಹಿಂಡಿಗೆಲ್ಲ ಹತ್ತುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ದೊರೆ ವಿಷಯ ಎತ್ತಿದಿರಿ, ಅದಕ್ಕೆ ಹೇಳ್ತಿದ್ದೀನಿ. ನೀವು ಹಲ್ಲು ಕೀಳಿಸಿಕೊಂಡು ಬರೋಷ್ಟರಲ್ಲಿ ನಾನು ರೆಪ್ಪೆ ಸೀಳಿದ್ದ ಅವನನ್ನ ಕಟುಕನ ಗಾಡಿ ಹತ್ತಿಸಿದ್ದು ಸರೀನಾ ತಪ್ಪಾ ಅಂತ ಆರು ವರ್ಷದಿಂದ ಇಬ್ಬರೂ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಅಲ್ವಾ ನಾನು ಅರ್ಧ ಹಿಂಡು ಹೊಡ್ಕೊಂಡು ಬಂದದ್ದು. ಅದಕ್ಕೇ ಅಲ್ವಾ ಫೋನ್ ಬೇಡ, ಕಾಗದ ಸಾಕು ಅಂತ ಮಾತಾಗಿದ್ದು.

ಕಿಟಕಿ ರಿಪೇರಿ ಆಗಿಲ್ಲ. ಕತ್ತು ಹಿಡ್ಕೊಂಡಿದೆ. ಇಲ್ಲಿ ಮಂಚ ಕಿರಿದು, ಹೊದಿಕೆ ಎಳೆದುಕೊಳ್ಳೋರು ಯಾರೂ ಇಲ್ಲ, ಆದರೂ ನಿದ್ದೆ ಬರಲ್ಲ.

ಮೇಲಿನ ಕೊನೆ ಸಾಲು ಹೊಡೆದುಹಾಕಿದ್ದೀನಿ, ಓದಬೇಡಿ.

ಗಿರಣಿಯವಳು


ಆಗಸ್ಟ್ 30

ಗಿರಣಿಯವಳಿಗೆ,

ತಡವಾಯ್ತು. ಮೇವು ಕೂಡಿಡೋ ಕೆಲಸ ಇತ್ತು.

ಅಜ್ಜಿಯ ಕೊಂಬು ಕತ್ತರಿಸು, ಕಾಯಬೇಡ. ತಂತಿ ಗರಗಸ ತಗೋ. ತುದಿಯಿಂದ ಮೂರು ಬೆರಳು ಬಿಟ್ಟು ಕೊಯ್ದರೆ ನೋವಾಗಲ್ಲ, ಅಲ್ಲಿ ಜೀವ ಇಲ್ಲ. ಕೆನ್ನೆಗೆ ಚುಚ್ಚಿಕೊಂಡರೆ ಮೇವು ಬಿಡ್ತಾಳೆ. ಗೀರು ಹೋದರೆ ಹೋಗಲಿ, ಕುರಿ ಉಳಿಯಲಿ.

ದಿವಾನನನ್ನ ಸೆಪ್ಟೆಂಬರ್ ಕೊನೆಯ ಲಾರಿಗೆ ಹತ್ತಿಸ್ತೀನಿ. ಇಂಥ ಕೊಂಬು ನಮ್ಮ ಹಿಂಡಿನಲ್ಲಿ ಬಂದೇ ಇಲ್ಲ. ಮೇಲಿನ ಜೋಡಿ ನೆಟ್ಟಗೆ, ಒಂದಕ್ಕೊಂದು ನಾಲ್ಕು ಬೆರಳು ಅಂತರ. ಕೆಳಗಿನ ಜೋಡಿ ಕೆನ್ನೆಗೆ ತಾಗದ ಹಾಗೆ ಹೊರಳಿದೆ. ಬುಡದಲ್ಲಿ ವರ್ಷದ ಉಂಗುರ ಎರಡು, ಆಳವಾಗಿವೆ. ಎಲ್ಲೂ ಸೀಳಿಲ್ಲ, ಗಂಟಿಲ್ಲ. ದಿನಾ ಒಂದು ಸಲ ಅವನ ತಲೆ ಹಿಡ್ಕೊಂಡು ಕೂತಿರ್ತೀನಿ. ಕಳಿಸೋಕೆ ಹೊಟ್ಟೆ ಉರಿಯುತ್ತೆ. ಆದರೂ ನಿನಗೆ ಒಳ್ಳೇದನ್ನೇ ಕಳಿಸಬೇಕು ಅನ್ನೋದು ಆಸೆ.

ಹೊಡೆದುಹಾಕಿದ ಸಾಲು ನಾನು ಓದಲಿಲ್ಲ.

ಗುಡ್ಡದವನು


ಅಕ್ಟೋಬರ್ 5

ನಿಮಗೆ,

ಯಜಮಾನ, ಗುಡ್ಡದವ, ಯಾವ ಹೆಸರಿಂದಲೂ ಕರೆಯೋ ಮನಸ್ಸಿಲ್ಲ.

ನಿಮ್ಮ ದಿವಾನ ಇಳಿದ. ಲಾರಿಯವನು ಹಲಗೆ ಹಾಕೋ ಮುಂಚೆಯೇ ಕಂಡಿತು ನನಗೆ. ಎಡಗಣ್ಣು. ಮೇಲಿನ ರೆಪ್ಪೆ ನಡುಮಧ್ಯಕ್ಕೆ ಸೀಳಿ ಎರಡು ತುಂಡಾಗಿ ಜೋತಾಡುತ್ತಿದೆ. ಕೂದಲೆಳೆ ಅಲ್ಲ, ಕಡ್ಡಿ ತೂರಿಸುವಷ್ಟು! ಕಣ್ಣಲ್ಲಿ ನೀರು ಸುರೀತಿದೆ. ಹತ್ತು ಮಾರು ದೂರದಿಂದ ಯಾರಿಗಾದರೂ ಕಾಣುತ್ತೆ. ‘ಎರಡು ಸಲ ನೋಡಿ’ ಅಂತ ಬರೆದಿದ್ದೆ. ನೋಡಿದಿರಿ, ಚೆನ್ನಾಗಿ ನೋಡಿಯೇ ಕಳಿಸಿದಿರಿ!

ದೊರೆಯ ಸೇಡು ತೀರಿಸಿಕೊಂಡಿರಿ ಅಲ್ವಾ? ಆರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು, ಮೆತ್ತಗೆ ಮಾತಾಡಿ, ‘ನಿನಗೆ ಒಳ್ಳೇದನ್ನೇ ಕಳಿಸೋ ಆಸೆ’ ಅಂತ ಬರೆದು, ಈ ಮುಖವನ್ನ ನನ್ನ ಬಾಗಿಲಿಗೆ ಕಳಿಸಿದಿರಿ. ಆ ಸಾಲು ಓದಿ ನಾನು ಎಷ್ಟು ದಿನ ಖುಷಿಯಾಗಿದ್ದೆ ಗೊತ್ತಾ ನಿಮಗೆ? ಮೇಜಿನ ಮುಂದೆ ನಿಂತು ಒಬ್ಬಳೇ ನಗ್ತಿದ್ದೆ. ಪಕ್ಕದವಳು ‘ಏನು ಸಮಾಚಾರ’ ಅಂತ ಕೇಳಿದ್ದಳು.

ಇವನನ್ನ ಹಿಂಡಿಗೆ ಬಿಡೋದಿಲ್ಲ. ಈ ವರ್ಷ ನನ್ನ ಹನ್ನೊಂದೂ ಖಾಲಿ. ಅಜ್ಜಿಗೆ ಇನ್ನು ಮರಿ ಇಲ್ಲ. ತಳಿ ಹಾಳಾಗಲಿ, ನಿಮಗೆ ತೃಪ್ತಿಯಾಯ್ತಲ್ಲ.

ಉತ್ತರ ಬೇಡ.


ಅಕ್ಟೋಬರ್ 13

ಉತ್ತರ ಬೇಡ ಅಂದಿದ್ದೀಯ. ಇಷ್ಟು ಮಾತ್ರ ಬರೀತೀನಿ.

ಸೇಡಲ್ಲ. ನನ್ನಾಣೆಗೂ ಅಲ್ಲ. ನಾನು ನೋಡಲಿಲ್ಲ, ಅಷ್ಟೇ. ತಪ್ಪಾಯ್ತು.

ಕಣ್ಣಲ್ಲಿ ನೀರು ಸುರೀತಿದೆ ಅಂದೆಯಲ್ಲ, ಉಪ್ಪುನೀರಲ್ಲಿ ಬಟ್ಟೆ ಅದ್ದಿ ಒರೆಸು. ದೂಳಿನ ಕಡೆ ಕಟ್ಟಬೇಡ. ಎಡ ಕೊಂಬಿನ ಬುಡ ಕೆರೆದರೆ ಸುಮ್ಮನೆ ನಿಲ್ತಾನೆ. ಕೊಂಬಿನಲ್ಲಿ ಏನಾದರೂ ತಪ್ಪಿತ್ತಾ? ಕೊಂಬಿನಲ್ಲಿ ಇರಲಿಲ್ಲ ಅಲ್ವಾ?

ಈ ವರ್ಷ ಬೇರೆ ಟಗರು ಕಳಿಸೋ ಧೈರ್ಯ ನನಗಿಲ್ಲ. ಮೂರಿವೆ. ಯಾವುದು ಸರಿ ಅಂತ ನನ್ನ ಬಾಯಿಂದ ಹೇಳಲಾರೆ. ಕ್ಷಮಿಸು.


ಅಕ್ಟೋಬರ್ 21

ರೀ,

ನಿಮ್ಮ ಕಾಗದ ಬಂದ ದಿನ ಓದಿ ಎಸೆದೆ. ಮಾರನೇ ದಿನ ಮೇಜಿನ ಕೆಳಗಿಂದ ಎತ್ತಿಕೊಂಡೆ. ‘ಕೊಂಬಿನಲ್ಲಿ ಏನಾದರೂ ತಪ್ಪಿತ್ತಾ?’ ಅಂತ ಕೇಳಿದ್ದೀರಿ. ಇದೇನು ಪ್ರಶ್ನೆ ಅಂತ ತಲೆ ಕೊರೆಯೋಕೆ ಶುರುವಾಯ್ತು. ಜಗಳ ಕಣ್ಣಿನದು, ಇವರು ಕೊಂಬು ಹಿಡ್ಕೊಂಡು ಕೂತಿದ್ದಾರಲ್ಲ!

ಭಾನುವಾರ ಗಿರಣಿ ರಜ. ಪೆಟ್ಟಿಗೆ ತೆಗೆದು ನಿಮ್ಮ ಕಾಗದಗಳನ್ನೆಲ್ಲ ಹಾಸಿಗೆ ಮೇಲೆ ಸಾಲಾಗಿ ಹಾಕಿದೆ. ಮೊದಲಿನವುಗಳಲ್ಲಿ ಒಂದೊಂದು ಮರಿಯ ಮಚ್ಚೆಯನ್ನೂ ಬರೆದಿದ್ದೀರಿ: ‘ಬೆನ್ನ ಮೇಲೆ ಚಪ್ಪಲಿ ಬಿಟ್ಟ ಹಾಗೆ’, ‘ಮೂಗಿಗೆ ಮಸಿ ಬಳಿದ ಹಾಗೆ’. ಎರಡು ವರ್ಷದಿಂದ ಈಚೆಗೆ ಬಣ್ಣದ ಸುದ್ದಿಯೇ ಇಲ್ಲ. ಬೆರಳಿಗೆ ಸಿಕ್ಕಿತು, ಕೈಗೆ ಮೆತ್ತಗಿತ್ತು, ಕೂಗು ಹೀಗಿತ್ತು, ನಾಲ್ಕು ಬೆರಳು ಅಂತರ ಇತ್ತು. ಅಕ್ಷರ ದೊಡ್ಡದಾಗ್ತಾ ಆಗ್ತಾ ಬಂದಿದೆ. ನಾನು ಹಂಗಿಸಿದ ಮೇಲೆ ಆಗಸ್ಟಿನ ಕಾಗದದಲ್ಲಿ ಸಾಲುಗಳು ಇದ್ದಕ್ಕಿದ್ದಂತೆ ನೆಟ್ಟಗಾಗಿವೆ, ಏನೋ ಅಡ್ಡ ಇಟ್ಟು ಬರೆದ ಹಾಗೆ. ಕರಿ ಬಿಳಿ ಕಲೆಸಿದ ಮೂಟೆ. ಹತ್ತು ಮಾರಿನಿಂದ ಕಾಣೋ ಸೀಳು.

ನಿಮಗೆ ಕಣ್ಣು ಕಾಣ್ತಿಲ್ಲ ಅಲ್ವಾ?

ನಾನು ಎಂಥ ಮುಟ್ಠಾಳೆ ಅಂದರೆ, ಆರು ವರ್ಷದಿಂದ ಬಣ್ಣ ವಿಂಗಡಿಸೋ ಕೆಲಸ ಮಾಡ್ತಿದ್ದೀನಿ! ಉಣ್ಣೆಯಲ್ಲಿ ಒಂದು ಎಳೆ ಹೆಚ್ಚುಕಡಿಮೆಯಾದರೆ ಹಿಡೀತೀನಿ. ನಿಮ್ಮ ಕಾಗದದಲ್ಲಿ ಬಣ್ಣವೇ ಮಾಯವಾಗಿದ್ದು ಗೊತ್ತಾಗಲಿಲ್ಲ.

ಇದನ್ನ ನಿಮಗೆ ಓದಿ ಹೇಳ್ತಿರೋದು ಯಾರು? ಅವರಿಗೆ ನಮಸ್ಕಾರ ಹೇಳಿ. ಸುಳ್ಳು ಹೇಳದೆ ಬರೆಯಿರಿ.


ಅಕ್ಟೋಬರ್ 30

ನಿನಗೆ,

ಸುಳ್ಳು ಹೇಳದೆ ಬರೀತೀನಿ.

ಮೊದಲು ಪಕ್ಕಗಳಿಂದ ಮಬ್ಬಾಯ್ತು. ಗೇಟಿನ ಕಂಬಕ್ಕೆ ಭುಜ ತಾಗೋಕೆ ಶುರುವಾಯ್ತು. ಡಾಕ್ಟರ ಹತ್ತಿರ ಹೋದಾಗ ತಡವಾಗಿತ್ತು, ಹೋದದ್ದು ವಾಪಸ್ ಬರಲ್ಲ ಅಂದರು. ಈಗ ಬೆಳಕು, ನೆರಳು ಅಷ್ಟೇ. ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಅಂತ ತಿಳಿಯುತ್ತೆ, ಯಾರು ಅಂತ ತಿಳಿಯಲ್ಲ. ಕುರಿ ಕೆಲಸಕ್ಕೆ ಅಂಥ ತೊಂದರೆ ಇಲ್ಲ. ಕೊಂಬು ಮುಟ್ಟಿದರೆ ಹದಿನಾಲ್ಕರಲ್ಲಿ ಯಾರು ಅಂತ ಹೇಳ್ತೀನಿ. ರಟ್ಟಿನಲ್ಲಿ ಕಂಡಿ ಕೊಯ್ದು ಅದರೊಳಗೆ ಬರೀತೀನಿ, ಸಾಲು ಗುಡ್ಡ ಹತ್ತಲ್ಲ.

ದಿವಾನನ ರೆಪ್ಪೆ ಬೆರಳಿಂದ ಮುಟ್ಟಿ ನೋಡಿದೆ. ಮುಟ್ಟಿದೊಡನೆ ಕಣ್ಣು ಬಿಗಿಯಾಗಿ ಮುಚ್ಚಿದ, ಏನೂ ಸಿಕ್ಕಲಿಲ್ಲ. ಅನುಮಾನ ಹೋಗಲಿಲ್ಲ. ‘ಇವನ ಕಣ್ಣು ಸರಿ ಇದೆಯಾ ನೋಡಪ್ಪಾ’ ಅಂತ ರೇಡಿಯೋನ ಕೇಳಿದೆ. ‘ಎರಡೂ ಇವೆ’ ಅಂದ.

ಹೌದು, ಓದಿ ಹೇಳೋದು ರೇಡಿಯೋ. ಎರಡು ವರ್ಷದಿಂದ. ‘ಬಾಯಿಬಡುಕ’ ಅಂತ ಬರೆದಿದ್ದನ್ನೂ ಅವನೇ ಓದಿದ. ಓದಿ, ಕಾಗದ ಮಡಚಿ ಮತ್ತೆ ಬಿಡಿಸಿ ಮುಂದುವರಿಸಿದ. ಹೊಡೆದುಹಾಕಿದ ಸಾಲನ್ನೂ ಬೆಳಕಿಗೆ ಹಿಡಿದು ಓದಿದ. ಬೇಡ ಅಂದೆ, ಅಷ್ಟರಲ್ಲಿ ಓದಿಯಾಗಿತ್ತು. ಮಂಚದ ವಿಷಯ, ಹೊದಿಕೆ ವಿಷಯ. ನಾನು ಓದಲಿಲ್ಲ ಅಂತ ಬರೆದದ್ದು ನಿಜವೇ, ಕೇಳಿದೆ. ನಿನ್ನ ಬಗ್ಗೆ ಮಾತ್ರ ಅವನು ಊರಲ್ಲಿ ಎಲ್ಲೂ ಬಾಯಿಬಿಟ್ಟಿಲ್ಲ. ಅದು ಅವನಿಗೆ ಎಷ್ಟು ಕಷ್ಟ ಅಂತ ನಿನಗೆ ಗೊತ್ತು.

ಯಾಕೆ ಹೇಳಲಿಲ್ಲ ಅಂತ ಕೇಳ್ತೀಯ. ಕಣ್ಣಲ್ಲಿ ಐಬು ಇದ್ದದ್ದನ್ನ ನೀನು ಇಟ್ಟುಕೊಳ್ಳೋದಿಲ್ಲ. ದೊರೆಯನ್ನ ಅಷ್ಟು ಪ್ರೀತಿಯಿಂದ ಸಾಕಿದವಳು ನೀನೇ, ಮರಿಯಾಗಿದ್ದಾಗ ಬಾಟಲಿ ಹಾಲು ಕುಡಿಸಿದವಳು. ಗಾಡಿ ಹತ್ತಿಸೋವಾಗ ಕೈ ನಡುಗಲಿಲ್ಲ ಅಂತ ಕಟುಕ ಹೇಳಿದ್ದ. ಅದು ತಲೆಯಲ್ಲಿ ಕೂತುಬಿಟ್ಟಿದೆ.

ಇನ್ನೊಂದು, ಕನಿಕರಕ್ಕೆ ನೀನು ವಾಪಸ್ ಬರೋದು ನನಗೆ ಬೇಡ. ಈ ಬಾಗಿಲಿಗೆ ಅನ್ನ ಕಲೆಸಿ ಕೊಡೋಕೆ ಬರಬೇಡ. ಹೀಗೇ ಇರೋಣ. ತಿಂಗಳಿಗೊಂದು ಕಾಗದ ಹಾಕ್ತಾ ಇರು, ಬೈದರೂ ಸರಿ. ಅಂಚೆ ಚೀಲ ಹೆಗಲಿಂದ ಇಳಿಯೋ ಸದ್ದಿಗೆ ಇಡೀ ತಿಂಗಳು ಕಿವಿಗೊಟ್ಟು ಕೂತಿರ್ತೀನಿ.


ನವೆಂಬರ್ 7

ರೀ,

ಮೊದಲು ರೇಡಿಯೋ ಅಣ್ಣನಿಗೆ: ಬಾಯಿಬಡುಕ ಅಂದದ್ದು ತಪ್ಪಾಯ್ತಣ್ಣ. ಮುಂದೆ ಕೆಲವು ಮಾತು ಬರುತ್ತೆ. ಗಂಟಲು ಸರಿಮಾಡಿಕೊಂಡು ಓದಿ, ನಗಬೇಡಿ.

ಕಟುಕ ನನ್ನ ಕೈ ನೋಡಿದ, ಸರಿ. ಗಾಡಿ ತಿರುವು ದಾಟಿದ ಮೇಲೆ ನಾನು ಕೊಟ್ಟಿಗೆಯಲ್ಲಿ ದೊರೆಯ ಬಾಟಲಿ ಹಿಡ್ಕೊಂಡು ಕೂತಿದ್ದನ್ನ ಯಾರೂ ನೋಡಲಿಲ್ಲ. ನೀವು ದವಡೆಗೆ ಹತ್ತಿ ಒತ್ತಿಕೊಂಡು ಬಂದಿರಿ, ಬಾಯಿಗೆ ಬಂದದ್ದೆಲ್ಲ ಅಂದಿರಿ. ನಾನೂ ಅಂದೆ. ಅತ್ತಿದ್ದೆ ಅಂತ ಹೇಳೋಕೆ ಅಹಂಕಾರ ಬಿಡಲಿಲ್ಲ. ಆರು ವರ್ಷ ಬಿಡಲಿಲ್ಲ.

ಆ ನಿಯಮ ತಳಿಗೆ ಹಾಕೋ ಟಗರಿಗೆ ಕಣ್ರೀ, ಜೊತೆಗಿರೋರಿಗಲ್ಲ. ಈ ವಯಸ್ಸಿನಲ್ಲಿ ನಮ್ಮಿಬ್ಬರನ್ನ ಯಾರೂ ತಳಿಗೆ ಹಾಕೋದಿಲ್ಲ. (ರೇಡಿಯೋ ಅಣ್ಣ, ನಗಬೇಡಿ ಅಂದೆ.) ದಿವಾನನಿಗೆ ಪಶುವೈದ್ಯೆ ರೆಪ್ಪೆ ಹೊಲಿದಿದ್ದಾಳೆ, ನೀರು ನಿಂತಿದೆ. ಕುರಿಗಳ ಹತ್ತಿರ ಬಿಡಲ್ಲ, ಆದರೆ ಕಟುಕನಿಗೂ ಕೊಡಲ್ಲ. ಹಿತ್ತಲಲ್ಲಿ ಒಬ್ಬನೇ ಮೇಯ್ಕೊಂಡು ಮಹಾರಾಜನ ಹಾಗಿದ್ದಾನೆ.

ಕನಿಕರ ಅಂದಿರಲ್ಲ, ಕನಿಕರಕ್ಕೆ ಯಾರಿಗೆ ಪುರುಸೊತ್ತಿದೆ? ನನ್ನ ಹನ್ನೊಂದು ಕುರಿಗೆ ಟಗರು ಬೇಕು, ಡಿಸೆಂಬರ್ ಆಚೆಗೆ ಕಾಲ ಮೀರುತ್ತೆ. ನಿಮ್ಮ ಹತ್ತಿರ ಮೂರಿವೆ, ರೆಪ್ಪೆ ನೋಡೋರಿಲ್ಲ. ನನ್ನ ಹತ್ತಿರ ಕಣ್ಣಿದೆ. ಆದರೆ ಕೊಂಬು ನೋಡೋಕೆ ನಿಮ್ಮ ಬೆರಳಿನಷ್ಟು ನನ್ನ ಕಣ್ಣು ಸಾಲದು. ನಿಮಗೆ ನೆಟ್ಟಗೆ ಕಾಣ್ತಿದ್ದಾಗಲೂ ಸಾಲುತ್ತಿರಲಿಲ್ಲ. ಆದ್ದರಿಂದ ಈ ಸಲ ಟಗರು ಬರೋದು ಬೇಡ, ಕುರಿಗಳೇ ಬರ್ತವೆ. ಇಪ್ಪತ್ತನಾಲ್ಕನೇ ತಾರೀಕಿಗೆ ಲಾರಿ ಗೊತ್ತುಮಾಡಿದ್ದೀನಿ. ಮೇಜು ಬಿಟ್ಟುಕೊಟ್ಟೆ, ಉತ್ತರದ ಕಿಟಕಿ ಈಗ ಪಕ್ಕದವಳ ಪಾಲು. ಬೇಡ ಅನ್ನೋದಾದರೆ ಕೂಡಲೇ ತಿಳಿಸಿ.

ರೇಡಿಯೋ ಅಣ್ಣ, ಇಲ್ಲಿಗೆ ಓದೋದು ಮುಗೀತು. ಉಳಿದದ್ದು ಪೊಟ್ಟಣದಲ್ಲಿದೆ. ಅದು ನಿಮಗೆ ಓದೋಕೆ ಬರಲ್ಲ, ಬೇಜಾರು ಮಾಡ್ಕೋಬೇಡಿ. ಅವರ ಕೈಗೆ ಕೊಟ್ಟುಬಿಡಿ.


ನವೆಂಬರ್ 15

ನಿನಗೆ,

ರೇಡಿಯೋ ನೀನು ಹೇಳಿದ ಜಾಗದಲ್ಲೇ ನಿಲ್ಲಿಸಿದ. ನಗಬೇಡಿ ಅಂದಲ್ಲೆಲ್ಲ ನಕ್ಕ. ಪೊಟ್ಟಣ ಬಿಚ್ಚಿ ಕೈಗೆ ಕೊಟ್ಟು, ‘ಇದೇನು, ಕೊಂಬಿನ ಚೂರು? ಇದರಲ್ಲೇನು ಬರೆದಿದ್ದಾರೆ?’ ಅಂದ. ನಾನು ಹೇಳಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನು ಸುದ್ದಿ ಸಿಗದೆ ಗುಡ್ಡ ಇಳಿದ.

ಅಜ್ಜಿಯ ಎಡಗೊಂಬಿನ ತುದಿ. ಒಂದು, ಎರಡು, ಮೂರು. ಮತ್ತೆ ಎಣಿಸಿದೆ, ಮೂರೇ. ಮೂರನೆಯದು ಓರೆ. ಅವತ್ತು ಮರಿಯ ತಲೆ ಹಿಡ್ಕೊಂಡಿದ್ದವಳು ನೀನು. ‘ಬಾಯಿ ದೊಡ್ಡದು ಮಾಡಿ, ನೋವಾಗಲ್ಲ’ ಅಂತ ಹಲ್ಲು ಡಾಕ್ಟರ ಧ್ವನಿ ಮಾಡಿ ಮರಿಗೆ ಹೇಳ್ತಿದ್ದೆ. ನಾನು ನಕ್ಕು ಅರ ಜಾರಿತು. ಗೀರು ಕೆಡ್ತು ಅಂತ ನಿನ್ನನ್ನ ಬೈದೆ. ಬೈದದ್ದು ನೆನಪಿತ್ತು, ನಕ್ಕಿದ್ದು ಮರೆತೇಹೋಗಿತ್ತು ಕಣೇ.

ಕೊಂಬಿನ ಚೂರು ಅಂಗಿ ಜೇಬಲ್ಲಿದೆ. ಹೆಬ್ಬೆರಳು ಹೋಗಿ ಹೋಗಿ ಅಲ್ಲೇ ನಿಲ್ಲುತ್ತೆ.

ಬೇಡ ಅನ್ನೋದಿಲ್ಲ. ದೊಡ್ಡಿಯ ಒಳಗೋಡೆ ತೆಗೆಸಿದ್ದೀನಿ, ಇಪ್ಪತ್ತೈದಕ್ಕೂ ಜಾಗ ಆಗುತ್ತೆ. ದಿವಾನನನ್ನೂ ಕರ್ಕೊಂಡು ಬಾ, ಅವನಿಗೆ ಬೇರೆ ಕೋಣೆ ಇದೆ. ಲಾರಿ ತಿರುವಿಗೆ ಬಂದಾಗ ಕೂಗಿ ಹೇಳ್ತೀನಿ ಅಂತ ರೇಡಿಯೋ ಹಟ ಹಿಡಿದಿದ್ದಾನೆ. ಬೇಡ, ನನಗೆ ಕೇಳಿಸುತ್ತೆ ಅಂದಿದ್ದೀನಿ. ಬೆಳಗಿನಿಂದಲೇ ಗೇಟಿನ ಹತ್ತಿರ ಇರ್ತೀನಿ.

ಕುರಿಗಳನ್ನ ಒಂದೊಂದಾಗಿ ಇಳಿಸು. ಕೊಂಬು ಮುಟ್ಟಿ ಒಳಗೆ ಬಿಟ್ಟುಕೊಳ್ತೀನಿ. ಎಲ್ಲ ಇಳಿದ ಮೇಲೆ ಕೊನೆಗೆ ನೀನು ಇಳಿ, ಇಳಿದು ಒಂದು ಗಳಿಗೆ ಮಾತಾಡದೆ ನಿಲ್ಲು. ಆರು ವರ್ಷವಾಯ್ತು, ನಿನ್ನ ಮುಖವನ್ನೂ ಕೈಯಿಂದ ನೋಡಬೇಕು. ಬೈಯೋದೇನಿದ್ದರೂ ಆಮೇಲೆ ಬೈಯುವಿಯಂತೆ.